ಮೊದಲ ಆಪರೇಷನ್ ಕೈಕೊಟ್ಟ ಮೇಲೆ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ಗ್ಲಾಕೋಮಾಕ್ಕೆ ಒಮ್ಮೆ ಆಪರೇಷನ್ ಮಾಡಿಸಿಕೊಂಡು, ಅದು ಫಲಿಸದೆ ಮನೆಯಲ್ಲೇ ಉಳಿದುಬಿಟ್ಟವರ ಪರವಾಗಿ ಬರೆಯುತ್ತಿದ್ದೇನೆ. ನನ್ನ ತಾಯಿಗೂ ಹೀಗೇ ಆಯಿತು.

ಅಮ್ಮನಿಗೆ ಮಾಡಿದ್ದು 1968ರಿಂದ ಬಳಕೆಯಲ್ಲಿರುವ ಟ್ರಾಬೆಕ್ಯುಲೆಕ್ಟಮಿ. ಕಣ್ಣಿನ ಬಿಳಿ ಗೋಡೆಯಲ್ಲಿ ಸಣ್ಣ ದಾರಿ ಮಾಡಿ, ಒಳಗಿನ ನೀರು ಮೇಲ್ರೆಪ್ಪೆಯಡಿ ಗುಳ್ಳೆಯಾಗಿ ಬಸಿಯುವಂತೆ ಮಾಡುತ್ತಾರೆ. ದೇಹಕ್ಕೆ ಮಾತ್ರ ಅದೊಂದು ಗಾಯ, ಮುಚ್ಚಲು ನೋಡುತ್ತದೆ. ಅಮ್ಮನ ಗುಳ್ಳೆ ಚಪ್ಪಟೆಯಾಯಿತು. ಮೂರು ಬಗೆಯ ಡ್ರಾಪ್ಸ್ ಹಾಕುತ್ತಿದ್ದರೂ ಕಣ್ಣಿನ ಪ್ರೆಶರ್ 28ರಷ್ಟು ಹೆಚ್ಚಿತ್ತು. ನೋವಿಲ್ಲ, ಕೆಂಪಿಲ್ಲ. ಪೊರೆ ತೆಗೆದಾಗಿನಂತೆ ಇದರಲ್ಲಿ ದೃಷ್ಟಿ ಮರಳುವುದಿಲ್ಲವಾದ್ದರಿಂದ, ಕೆಟ್ಟರೂ ರೋಗಿಗೆ ತಿಳಿಯದು. "ಆಪರೇಷನ್ ಆಗಿದೆಯಲ್ಲ, ಇನ್ನೇನು ಮಾಡೋದು" ಎಂದು ಆಸ್ಪತ್ರೆಯವರು ಕಳಿಸಿದರು.

ಮಾಡಲು ಬೇಕಾದಷ್ಟಿತ್ತು. ಕಟ್ಟಿಕೊಂಡ ಗುಳ್ಳೆಯನ್ನು ಸೂಜಿಯಿಂದ ಬಿಡಿಸಿ ನೋಡಬಹುದು. ಪಕ್ಕದ ಜಾಗದಲ್ಲಿ, ಗಾಯ ಮುಚ್ಚದಂತೆ ತಡೆಯುವ ಮಿಟೊಮೈಸಿನ್ ಔಷಧಿ ಬಳಸಿ ಅದೇ ಆಪರೇಷನ್ ಮತ್ತೆ ಮಾಡಬಹುದು. ಇಲ್ಲವೇ ಒಳಗಿನ ನೀರು ಬಸಿಯಲು ಟ್ಯೂಬ್ ಕೂರಿಸಬಹುದು. ಮೊದಲೇ ಆಪರೇಷನ್ ಆಗಿದ್ದ ಕಣ್ಣುಗಳಲ್ಲಿ ಇವೆರಡನ್ನೂ ಹೋಲಿಸಿದ ಹೆಸರಾಂತ ಅಧ್ಯಯನವೊಂದರಲ್ಲಿ ಐದು ವರ್ಷಕ್ಕೆ ಟ್ಯೂಬ್ ವಿಫಲವಾದದ್ದು ಸುಮಾರು 30%, ಟ್ರಾಬೆಕ್ಯುಲೆಕ್ಟಮಿ ಸುಮಾರು 47%. ಟ್ಯೂಬೂ ಪವಾಡವೇನಲ್ಲ, ಕಾರ್ನಿಯಾ ಹಾಳಾಗುವ, ಎರಡೆರಡು ಕಾಣುವ ಅಪಾಯ ಅದಕ್ಕಿದೆ. ಇದ್ಯಾವುದಕ್ಕೂ ಒಗ್ಗದ ಕಣ್ಣಿಗೆ ಡಯೋಡ್ ಲೇಸರ್ ಉಂಟು.

ದುಡ್ಡಿನ ನೆಪವೂ ಈಗ ಅಷ್ಟಾಗಿ ನಡೆಯದು. ಮಧುರೈನ ಅರೋಲ್ಯಾಬ್ ತಯಾರಿಸುವ, ವಾಲ್ವ್ ಇಲ್ಲದ ಟ್ಯೂಬ್ ವಿದೇಶಿ ಟ್ಯೂಬಿಗಿಂತ ಬಹಳ ಅಗ್ಗ. ಆದರೆ ಅದಕ್ಕೊಂದು ನಡತೆಯಿದೆ. ನೀರು ಒಮ್ಮೆಲೇ ಹರಿಯದಿರಲಿ ಎಂದು ಟ್ಯೂಬನ್ನು ಕರಗುವ ದಾರದಿಂದ ಬಿಗಿದಿರುತ್ತಾರೆ. ದಾರ ಸಡಿಲುವುದು ಐದಾರು ವಾರಕ್ಕೆ. ಅಲ್ಲಿಯವರೆಗೆ ಪ್ರೆಶರ್ ಏರಿಯೇ ಇರಬಹುದು, ಡ್ರಾಪ್ಸ್ ಬಿಡುವಂತಿಲ್ಲ. ಸಡಿಲಿದಾಗ ಒಮ್ಮೆಗೇ ವಿಪರೀತ ಇಳಿಯಲೂಬಹುದು. ಆ ದಿನಗಳಲ್ಲಿ ಯಾರಾದರೂ ಕಣ್ಣು ನೋಡಲೇಬೇಕು. ರಾಯಚೂರಿನ ಹಳ್ಳಿಯ ಅಜ್ಜಿಯೊಬ್ಬರು ಅಷ್ಟಕ್ಕಾಗಿ ಬೆಂಗಳೂರಿನ ಬಸ್ಸು ಹತ್ತುತ್ತಾರೆಯೇ, ಸ್ವಾಮಿ?

ಆದ್ದರಿಂದ ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಟ್ಯೂಬ್ ಹಾಕುವ ಸರ್ಜನ್ ಬೇಕೆಂದು ನಾನು ಕೇಳುತ್ತಿಲ್ಲ. ಅದನ್ನು ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ಮಾಡಲಿ. ಟ್ಯೂಬಿನ ಮತ್ತು ಅದರ ಮೇಲೆ ಹೊದಿಸುವ ಪದರದ ಖರ್ಚು ರೋಗಿಯ ಕೈಯಿಂದ ಹೋಗದಂತೆ ನೋಡಿಕೊಳ್ಳಿ. ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರೆಶರ್ ಅಳೆಯುವ ಉಪಕರಣ ಕೆಟ್ಟು ಮೂಲೆ ಸೇರದಿರಲಿ. ಡಿಸ್ಚಾರ್ಜ್ ಚೀಟಿಯಲ್ಲಿ ಆಪರೇಷನ್ನಿನ ಹೆಸರು, ಕಣ್ಣಿನ ಪ್ರೆಶರ್ ಎಷ್ಟಿರಬೇಕು, ಅದು ಮೀರಿದರೆ ಯಾವ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ಕನ್ನಡದಲ್ಲಿ ಬರೆಸಿ. ಈ ಚೀಟಿಯ ಆದೇಶಕ್ಕಂತೂ ಬಜೆಟ್ ಕಾಯಬೇಕಿಲ್ಲ.

ಇಂತಿ,
ಗ್ಲಾಕೋಮಾ ರೋಗಿಯೊಬ್ಬರ ಮಗಳು