ಪಿಗ್ಮಿಯವರು ಬರುವ ಹೊತ್ತು

ಕಳೆದ ಮಳೆಗಾಲದಲ್ಲಿ ನನ್ನ ಕೆಲಸ ಹೋಯಿತು. ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ಬೆಂಗಳೂರಿನ ಮನೆ ಬಾಡಿಗೆ, ಬೈಕಿನ ಇಎಂಐ, ಕ್ರೆಡಿಟ್ ಕಾರ್ಡಿನ ಬಾಕಿ ಎಲ್ಲಾ ಒಟ್ಟಿಗೆ ತಲೆ ಮೇಲೆ ಬಂತು. 'ನಾನು ಯಾರ ಹಂಗಿನಲ್ಲೂ ಇಲ್ಲ' ಅಂತ ಹೇಳಿಕೊಂಡು ತಿರುಗಿದವನು ಈಗ ಯಾರ ಹತ್ತಿರ ಕೈ ಚಾಚುವುದು? ಕೊನೆಗೆ ರಜೆ ಅಂತ ಸುಳ್ಳು ಹೇಳಿ ಸಂತೆಕಟ್ಟೆಗೆ ಬಂದೆ.

ಮೂರನೇ ದಿನ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದ ಅಮ್ಮ ತಲೆ ಎತ್ತದೆ ಕೇಳಿದರು: "ಕೆಲಸ ಉಂಟಾ ಇಲ್ವಾ? ಸರಿಯಾಗಿ ಹೇಳು."

ಹೇಳಿದೆ. ಮರುವಾರ ಅಮ್ಮ ತಮ್ಮ ಪಿಗ್ಮಿ ಖಾತೆ ಮುಗಿಸಿ 40 ಸಾವಿರ ರೂಪಾಯಿ ತಂದು ಎದುರಿಗಿಟ್ಟರು. ದಿನಕ್ಕೆ 50 ರೂಪಾಯಿಯ ಹಾಗೆ ಕೂಡಿಟ್ಟದ್ದು. ನನಗೆ ನಾಚಿಕೆಯಾಯಿತು, ಬೇಡ ಅಂದೆ. "ಸಾಲ ಅಂತ ತಕೊ ಮಾರಾಯ. ಕೆಲಸ ಸಿಕ್ಕಿದ ಮೇಲೆ ಕೊಡು," ಅಂದರು.

ಇದೇ ಪಿಗ್ಮಿಯನ್ನು ನಾನು ಎಷ್ಟು ಸಲ ತಮಾಷೆ ಮಾಡಿದ್ದೆ! ಫೋನಲ್ಲೇ ಎಲ್ಲಾ ಆಗುವಾಗ ದಿನಾ ಸಂಜೆ ಒಬ್ಬರು ಬಾಗಿಲಿಗೆ ಬಂದು 50 ರೂಪಾಯಿ ತಗೊಂಡು ಹೋಗುವುದು ಯಾಕೆ ಅಂತ. ಆ ದಿನ ಮತ್ತೆ ಕೇಳಿದೆ. ಅಮ್ಮ ನಕ್ಕರು: "ಕೈಯಲ್ಲಿ ದುಡ್ಡು ಇದ್ರೆ ನಾನು ಖರ್ಚು ಮಾಡ್ತೇನೆ. ಅದು ನನಗೆ ಗೊತ್ತುಂಟು. ಹಾಗಾಗಿ ಅವರಿಗೆ ಬರ್ಲಿಕ್ಕೆ ಹೇಳಿದ್ದು."

ಆ ಮಾತು ತಲೆಯಲ್ಲಿ ಉಳಿಯಿತು.

ಪಿಗ್ಮಿ ಹುಟ್ಟಿದ್ದೇ ನಮ್ಮ ಕಡೆ. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಉಡುಪಿಯಲ್ಲಿ ಒಂದು ಬ್ಯಾಂಕ್ ಶುರು ಮಾಡಿದರು. ಆಗ ಇಲ್ಲಿನ ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದರು. ಅಂಥವರ ಕೈ ಹಿಡಿಯುವುದೇ ಉದ್ದೇಶ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ ಬೆಳೆದು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋದದ್ದು ಅದೇ. 1928ರಲ್ಲಿ ಆ ಬ್ಯಾಂಕು ಪಿಗ್ಮಿ ತಂದಿತು. ದಿನಕ್ಕೆ ಎರಡು ಆಣೆ ಕೊಟ್ಟರೂ ಸಾಕು, ಏಜೆಂಟರು ಮನೆಗೇ ಬಂದು ತಗೊಂಡು ಹೋಗುತ್ತಿದ್ದರು. 30 ದಿನಕ್ಕೆ ಲೆಕ್ಕ ಹಾಕಿದರೆ 3 ರೂಪಾಯಿ 12 ಆಣೆ.

ಹನಿ ಹನಿ ಕೂಡಿದರೆ ಹಳ್ಳ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಹನಿ ಕೂಡುವ ಮೊದಲೇ ಖರ್ಚಾಗಿ ಹೋಗುತ್ತದಲ್ಲ? ಪಿಗ್ಮಿಯವರು ಬಾಗಿಲಿಗೆ ಬರುವುದು ಅದಕ್ಕೇ.

ಸ್ವಾವಲಂಬನೆ ಅಂದರೆ ಯಾರನ್ನೂ ಕೇಳದೆ ಇರುವುದು ಅಂತ ನಾನು ತಿಳಿದಿದ್ದೆ. ಹಾಗಾಗಿಯೇ ಎರಡು ತಿಂಗಳು ಸುಳ್ಳು ಹೇಳಿದೆ, ಆ್ಯಪಿನಲ್ಲಿ ಸಾಲ ತೆಗೆದೆ. ಮನೆಯವರನ್ನು ಕೇಳಲು ನಾಚಿಕೆ, ಗುರುತಿಲ್ಲದ ಆ್ಯಪಿಗೆ ಬಡ್ಡಿ ಕಟ್ಟಲು ನಾಚಿಕೆ ಇಲ್ಲ! ಅಮ್ಮ ದಿನಾ ಇನ್ನೊಬ್ಬರ ಸಹಾಯ ತಗೊಂಡರು. ಆದರೂ ಕಷ್ಟ ಬಂದಾಗ ಗಟ್ಟಿಯಾಗಿ ನಿಂತವರು ಅವರೇ. ತಾನು ಎಲ್ಲಿ ಜಾರುತ್ತೇನೆ ಅಂತ ಅವರಿಗೆ ಗೊತ್ತಿತ್ತು, ಅಲ್ಲಿಗೆ ಮೊದಲೇ ಒಂದು ವ್ಯವಸ್ಥೆ ಮಾಡಿಕೊಂಡಿದ್ದರು. ವಿವೇಕ ಅಂದರೆ ಇಷ್ಟೇ ಇರಬೇಕು. ಗಟ್ಟಿ ಮನಸ್ಸು ಹುಟ್ಟಿನಿಂದ ಬರುವುದಲ್ಲ, ಇಂಥ ಸಣ್ಣ ವ್ಯವಸ್ಥೆಯನ್ನು ದಿನಾ ತಪ್ಪದೆ ನಡೆಸಿದರೆ ನಿಧಾನಕ್ಕೆ ಕೂಡಿ ಬರುವುದು.

ನಮಗೆ ಪಿಗ್ಮಿಯೇ ಆಗಬೇಕು ಅಂತಿಲ್ಲ. ಸಂಬಳ ಬಂದ ದಿನವೇ ತಾನಾಗಿ ಕಡಿತವಾಗುವ ಆರ್‌ಡಿಯೂ ಅದೇ ಕೆಲಸ ಮಾಡುತ್ತದೆ. ದುಡ್ಡೇ ಆಗಬೇಕು ಅಂತಲೂ ಇಲ್ಲ. ರಾತ್ರಿ ಫೋನ್ ಬಿಡಲು ಆಗದವರು ಅದನ್ನು ಇನ್ನೊಂದು ಕೋಣೆಯಲ್ಲಿ ಇಡಬಹುದು. ಸಿಟ್ಟು ಬಂದಾಗ ಬಾಯಿ ನಿಲ್ಲದವರು ಉತ್ತರ ಬೆಳಿಗ್ಗೆ ಬರೆಯಬಹುದು. ಮೊದಲು ಬೇಕಾದದ್ದು 'ಇಲ್ಲಿ ನನ್ನ ಕೈಲಿ ಆಗುವುದಿಲ್ಲ' ಅಂತ ಒಪ್ಪಿಕೊಳ್ಳುವ ಧೈರ್ಯ.

ನನಗೆ ಈಗ ಕೆಲಸ ಸಿಕ್ಕಿದೆ, ಸಂಬಳ ಮೊದಲಿಗಿಂತ ಕಮ್ಮಿ. ಅಮ್ಮನ ಸಾಲದಲ್ಲಿ ತಿಂಗಳಿಗೆ 4,000 ತೀರಿಸುತ್ತಿದ್ದೇನೆ. ಮೊನ್ನೆ ಸಂಜೆ ಫೋನ್ ಮಾಡಿ, ಎಂಟು ಕಂತು ಬಾಕಿ ಉಂಟು ಅಂದೆ. "ಲೆಕ್ಕ ನನಗೆ ಗೊತ್ತುಂಟು. ಈಗ ಇಡು, ಪಿಗ್ಮಿಯವರು ಬಂದ್ರು," ಅಂದರು.