ಒಂದು ಇನಿಷಿಯಲ್‌ನ ತವರುಯಾತ್ರೆ
ಸೈಟು ಮಾರಾಟಕ್ಕೂ ಕಳೆದುಹೋದ ಅಂಕಪಟ್ಟಿಗೂ ನಡುವೆ, ಈ ವಾರದ ಪತ್ರಿಕೆಯಲ್ಲಿ ಒಬ್ಬಾಕೆಯ ಮೂರು ಸಾಲಿನ ಪ್ರಕಟಣೆ: ವಿಚ್ಛೇದನದ ನಂತರ ತವರಿನ ಹೆಸರಿಗೆ ಮರಳಿದ್ದಾರೆ. ಗಂಡನ ಹೆಸರು ಸೇರಿಸಿಕೊಳ್ಳಲು ಸಾಮಾನ್ಯವಾಗಿ ಮದುವೆ ನೋಂದಣಿ ಪತ್ರವೇ ಸಾಕು. ಬಿಡಲು ಡಿಕ್ರಿ, ಹಲವೆಡೆ ಅಫಿಡವಿಟ್, ಜಾಹೀರಾತು, ಕೆಲವೊಮ್ಮೆ ಗೆಜೆಟ್ಟೂ ಬೇಕು. ಕೇಂದ್ರದ ಅಧಿಸೂಚನೆಯೊಂದಂತೂ ಡಿಕ್ರಿ ಇಲ್ಲದಿದ್ದರೆ ಗಂಡನ ನಿರಾಕ್ಷೇಪಣಾ ಪತ್ರ ತನ್ನಿ ಎಂದಿತ್ತು. 2024ರಲ್ಲಿ ಮಹಿಳೆಯೊಬ್ಬರು ಅದನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಹೆಸರು ಬಿಡುವುದಕ್ಕೂ ಅವನ ಸಹಿ! ಬಾಡಿಗೆ ಮನೆ ಖಾಲಿ ಮಾಡುವವರನ್ನೂ ಯಾರೂ ಇಷ್ಟು ಕಾಡುವುದಿಲ್ಲ (ಅಡ್ವಾನ್ಸ್ ವಾಪಸ್ ಕೇಳದಿದ್ದರೆ). ಆಧಾರ್‌ನಲ್ಲಿ ಹೆಸರು ಬದಲಿಸಲು ಸಾಮಾನ್ಯವಾಗಿ ಜೀವಮಾನಕ್ಕೆ ಎರಡೇ ಅವಕಾಶ: ಮದುವೆಗೊಂದು ಖರ್ಚಾದರೆ, ಮುರಿದಾಗ ಇನ್ನೊಂದು. ನಮ್ಮ ಕಡೆ ಎಷ್ಟೋ ಸಲ ಇಷ್ಟೆಲ್ಲ ಓಡಾಟ ಒಂದೇ ಒಂದು ಇನಿಷಿಯಲ್‌ಗಾಗಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮಾತ್ರ ಅಪ್ಪನ ಆ ಅಕ್ಷರ ಕದಲದೆ ಕೂತಿರುತ್ತದೆ.