ಮೀಟರು ಇದ್ದರೆ ಓದುವುದು ಬೇಡವೇ?

ಹಳೆಯ ವಾಲ್ವ್ ರೇಡಿಯೋಗಳನ್ನು ದುರಸ್ತಿಗೊಳಿಸುವ ಹವ್ಯಾಸವುಳ್ಳ ಕೆಲವು ಶಿಷ್ಯರು ವಾದಿಸುವುದುಂಟು: “ಕಂಡೆನ್ಸರಿನ ಮೇಲಿನ ಬರಹವನ್ನು ಓದುವ ಗೋಜೇಕೆ ಸಾರ್? ಮೀಟರು ಹೇಳುತ್ತದಲ್ಲ!” ಈ ವಾದವನ್ನು ನಾನು ಒಪ್ಪಲಾರೆ.

ಮೀಟರು ಧಾರಕತೆಯನ್ನು ಅಳೆಯುತ್ತದೆ, ನಿಜ. ಆದರೆ ಆ ಕಂಡೆನ್ಸರು ಎಷ್ಟು ವೋಲ್ಟ್ ತಾಳಬಲ್ಲದೆಂಬುದನ್ನು ಮೈಮೇಲಿನ ಬರಹವೇ ಹೇಳಬೇಕು. 450 ವೋಲ್ಟಿನದನ್ನು ಕಿತ್ತು, ಧಾರಕತೆ ಒಂದೇ ಎಂದು 50 ವೋಲ್ಟಿನದನ್ನು ಕೂರಿಸಿದರೆ ಅದು ಸಿಡಿದೀತು.

ಏಕಮಾನಗಳ ವಿಷಯವೂ ಅಷ್ಟೇ. ತರಗತಿಯಲ್ಲಿ ಸಣ್ಣ ‘ಎಂ’ ಮಿಲಿ, ದೊಡ್ಡ ‘ಎಂ’ ಮೆಗಾ ಎಂದು ಕಲಿತಿದ್ದೀರಿ. ಹಳೆಯ ಕಂಡೆನ್ಸರಿನ ‘ಎಂಎಫ್‌ಡಿ’ ಇವೆರಡೂ ಅಲ್ಲ, ಮೈಕ್ರೋಫ್ಯಾರಡ್. ‘ಎಂಎಂಎಫ್’ ಎಂದರೆ ಇಂದಿನ ಪಿಕೋಫ್ಯಾರಡ್. ಮೈಕ್ರೋವನ್ನು ಮಿಲಿ ಎಂದು ತಿಳಿದರೆ ಸಾವಿರ ಪಟ್ಟು ವ್ಯತ್ಯಾಸ! ಸೆರಾಮಿಕ್ ಬಿಲ್ಲೆಯ ಮೇಲಿನ ‘104’ ನೂರನಾಲ್ಕಲ್ಲ. 10ರ ಮುಂದೆ 4 ಸೊನ್ನೆ, ಅಂದರೆ 1,00,000 ಪಿಕೋಫ್ಯಾರಡ್, ಅರ್ಥಾತ್ 0.1 ಮೈಕ್ರೋಫ್ಯಾರಡ್. ಕಾಗದದ ಕಂಡೆನ್ಸರಿನ ಒಂದು ತುದಿಯ ಕಪ್ಪು ಪಟ್ಟಿ ಹೊರಗಿನ ಲೋಹದ ಹಾಳೆಯ ಗುರುತು, ಋಣಧ್ರುವದ್ದಲ್ಲ. ಎಲೆಕ್ಟ್ರೋಲಿಟಿಕ್‌ನಲ್ಲಾದರೋ ಧನ-ಋಣಗಳನ್ನು ತಿರುವುಮುರುವು ಮಾಡಿದರೆ ಅನಾಹುತ.

ಬರಹವೇ ವೇದವಾಕ್ಯವೆಂದು ನಾನು ಹೇಳುತ್ತಿಲ್ಲ. ಅದು ತಿಳಿಸುವುದು ತಯಾರಾದಾಗಿನ ಗುಣವನ್ನು. ವಯಸ್ಸಾದ ಕಾಗದದ ಕಂಡೆನ್ಸರು ವಿದ್ಯುತ್ತನ್ನು ಸೋರಿಸುತ್ತದೆ; ಅಲ್ಪ ವೋಲ್ಟಿನಲ್ಲಿ ಅಳೆಯುವ ಸಾಮಾನ್ಯ ಮೀಟರಿಗೂ ಈ ದೋಷ ಕಾಣದೆ ಹೋಗಬಹುದು. ಎಷ್ಟು ವೋಲ್ಟಿನಲ್ಲಿ ಸೋರಿಕೆಯನ್ನು ಪರೀಕ್ಷಿಸಬೇಕೆಂದು ತಿಳಿಯಲು ಮತ್ತೆ ಬರಹವನ್ನೇ ನೋಡಬೇಕು!

ಆದ್ದರಿಂದ ಮೊದಲು ಓದಿ. ಸ್ವಿಚ್ ಆರಿಸಿದ ಮೇಲೂ ಉಳಿದಿರುವ ವಿದ್ಯುದಾವೇಶವನ್ನು ತಕ್ಕ ರೆಸಿಸ್ಟರಿನ ಮೂಲಕ ಬರಿದು ಮಾಡಿ. ಮೀಟರನ್ನು ಹಚ್ಚುವುದು ಆಮೇಲೆ.